ವೇಳೆ ಎಷ್ಟು? ಎಷ್ಟು ವೇಳೆ?

‘ವೇಳೆ ಎಷ್ಟಾಯಿತು?’ ಎನ್ನುವುದು ಒಂದು ಪ್ರಶ್ನೆ. ‘ಎಷ್ಟು ವೇಳೆಯಾಯಿತು?’ ಎನ್ನುವುದು ಇನ್ನೊಂದು. ಪದಗಳು ಅವೇ, ಹಿಂದುಮುಂದಾಗಿವೆ ಅಷ್ಟೆ. ಮೊದಲನೆಯ ಪ್ರಶ್ನೆಗೆ ಗೋಡೆಯ ಮೇಲಿನ ಗಡಿಯಾರ ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಶಾಲೆಯ ಕ್ರೀಡಾಕೂಟದಲ್ಲಿ ದೈಹಿಕ ಶಿಕ್ಷಕರು ಕೈಯಲ್ಲಿ ಹಿಡಿಯುವ ಸ್ಟಾಪ್‌ವಾಚ್ ಉತ್ತರ ಹೇಳುತ್ತದೆ. ನೂರು ಮೀಟರ್ ಓಟಕ್ಕೆ ಮುಖ್ಯೋಪಾಧ್ಯಾಯರ ಕೊಠಡಿಯ ಗಡಿಯಾರ ನೋಡಿ ಬಹುಮಾನ ಕೊಡುವವರು ಯಾರೂ ಇಲ್ಲ.

ದಿನನಿತ್ಯದ ಬದುಕಿನಲ್ಲಿ ಮಾತ್ರ ನಾವು ಎರಡೂ ಪ್ರಶ್ನೆಗಳಿಗೆ ಒಂದೇ ಗಡಿಯಾರವನ್ನು ನೋಡುತ್ತೇವೆ. ಬಸ್ಸು ಹತ್ತಿದ್ದು ಎಂಟಕ್ಕೆ, ಇಳಿದದ್ದು ಒಂಬತ್ತೂವರೆಗೆ, ಪ್ರಯಾಣಕ್ಕೆ ಹಿಡಿದದ್ದು ಒಂದೂವರೆ ಗಂಟೆ ಎಂದು ಕಳೆದು ಹೇಳುತ್ತೇವೆ. ಇದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಇದೇ ಕಳೆಯುವ ಲೆಕ್ಕವನ್ನು ಸಾವಿರಾರು ಗಣಕಯಂತ್ರಗಳನ್ನು ಆಳುವ ತಂತ್ರಾಂಶದಲ್ಲಿ ಬರೆದರೆ ಏನಾಗುತ್ತದೆ? ಜಗತ್ತಿನ ದೊಡ್ಡ ದೊಡ್ಡ ಸಂಸ್ಥೆಗಳು ಈ ಸಣ್ಣ ಲೆಕ್ಕಕ್ಕೆ ದೊಡ್ಡ ಬೆಲೆ ತೆತ್ತಿವೆ. ಕಂಪ್ಯೂಟರ್ ಓದುವ ಮಕ್ಕಳೂ, ಅವರನ್ನು ಓದಿಸುವ ತಂದೆತಾಯಿಯರೂ ತಿಳಿಯಬೇಕಾದ ಸಂಗತಿ ಇದು.

ಹಿಡಕಲ್‌ನಿಂದ ಗೋಕಾಕಕ್ಕೆ

ಬೆಳಗಾವಿ ಜಿಲ್ಲೆಯ ಓದುಗರಿಗೆ ಘಟಪ್ರಭೆಯ ಉದಾಹರಣೆಯೇ ಸಾಕು. ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ಅಣೆಕಟ್ಟು ಇದೆ. ಅದರ ಬಾಗಿಲು ತೆರೆದರೆ ನೀರು ನದಿಗುಂಟ ಇಳಿದು ಗೋಕಾಕಕ್ಕೆ ಬರುತ್ತದೆ. ಮುಂದೆ ಮೂಡಲಗಿ ತಾಲೂಕಿನ ನದಿದಂಡೆಯ ಹಳ್ಳಿಗಳನ್ನು ಮುಟ್ಟುತ್ತದೆ. 2019ರ ಆಗಸ್ಟ್ ತಿಂಗಳಿನ ಮಹಾಪೂರದಲ್ಲಿ ಗೋಕಾಕ ಪಟ್ಟಣದೊಳಕ್ಕೆ ಹೊಳೆ ನುಗ್ಗಿದ್ದನ್ನು ಈ ಭಾಗದ ಜನ ಮರೆತಿಲ್ಲ. ಅಂಥ ದಿನಗಳಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು: ಅಲ್ಲಿ ಬಿಟ್ಟ ನೀರು ಇಲ್ಲಿಗೆ ಬರಲು ಎಷ್ಟು ವೇಳೆ ಬೇಕು?

ಇದನ್ನು ಅಳೆಯುವುದು ಹೇಗೆ? ಹಿಡಕಲ್‌ನವರು ತಮ್ಮ ಗಡಿಯಾರ ನೋಡಿ ‘ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆದೆವು’ ಎಂದು ಬರೆದಿಟ್ಟರು ಎಂದುಕೊಳ್ಳಿ. ಗೋಕಾಕದ ಸೇತುವೆಯ ಬಳಿ ನಿಂತವರು ತಮ್ಮ ಗಡಿಯಾರ ನೋಡಿ ‘ಹನ್ನೊಂದೂವರೆಗೆ ಮಟ್ಟ ಏರಿತು’ ಎಂದು ಬರೆದರು. ಕಳೆದರೆ ಐದೂವರೆ ಗಂಟೆ. ಆದರೆ ಹಿಡಕಲ್‌ನ ಗಡಿಯಾರ ಹತ್ತು ನಿಮಿಷ ಮುಂದಿದ್ದು, ಗೋಕಾಕದ್ದು ಹದಿನೈದು ನಿಮಿಷ ಹಿಂದಿದ್ದರೆ? ಬಾಗಿಲು ತೆರೆದದ್ದು ನಿಜವಾಗಿ 5.50ಕ್ಕೆ, ನೀರು ಬಂದದ್ದು 11.45ಕ್ಕೆ. ಹಿಡಿದ ವೇಳೆ 5 ಗಂಟೆ 55 ನಿಮಿಷ. ಇಪ್ಪತ್ತೈದು ನಿಮಿಷದ ತಪ್ಪು ಲೆಕ್ಕದೊಳಗೆ ಸೇರಿಕೊಂಡಿತು. ಎರಡೂ ಕಡೆಯವರು ಪ್ರಾಮಾಣಿಕರಾಗಿದ್ದರೂ ಸೇರಿಕೊಂಡಿತು. ಇಪ್ಪತ್ತೈದು ನಿಮಿಷವೆಂದರೆ ಕೊಟ್ಟಿಗೆಯ ದನಕರು ಬಿಚ್ಚಿ ದಿಬ್ಬ ಹತ್ತಿಸಲು ಬೇಕಾಗುವ ಹೊತ್ತು.

ಇಲ್ಲಿ ಎರಡು ಪಾಠಗಳಿವೆ. ಒಂದು, ಎರಡು ಊರುಗಳ ಎರಡು ಗಡಿಯಾರಗಳನ್ನು ನಂಬಿ ಕಳೆಯುವ ಲೆಕ್ಕ ಮಾಡಬಾರದು. ಎರಡನೆಯದು ಇನ್ನೂ ಸೂಕ್ಷ್ಮ. ಒಂದೇ ಊರಿನ ಒಂದೇ ಗಡಿಯಾರವಾದರೂ, ಅಳತೆಯ ನಡುವೆ ಯಾರಾದರೂ ಅದರ ಮುಳ್ಳು ಸರಿಸಿದರೆ ಲೆಕ್ಕ ಕೆಡುತ್ತದೆ. ಗಣಕಗಳ ಲೋಕದಲ್ಲಿ ನಡೆದದ್ದು ಹೆಚ್ಚಾಗಿ ಈ ಎರಡನೆಯ ಬಗೆಯ ಅನಾಹುತ.

ಮೂರು ಊರು, ಒಂದು ಕಡತ

ಒಂದು ಗಣಕದ ತಟ್ಟೆಯಲ್ಲಿ ಹಿಡಿಯದಷ್ಟು ದೊಡ್ಡ ಮಾಹಿತಿಯನ್ನು ಇಡುವುದು ಎಲ್ಲಿ? ಅದನ್ನು ತುಂಡುತುಂಡಾಗಿಸಿ ಹಲವು ಗಣಕಗಳಲ್ಲಿ ಹಂಚಿಡುತ್ತಾರೆ. ಹೀಗೆ ಹಂಚಿಟ್ಟ ತುಂಡುಗಳನ್ನು ಬಳಸುವವನಿಗೆ ಒಂದೇ ಕಡತವೆಂಬಂತೆ ತೋರಿಸುವ ತಂತ್ರಾಂಶಕ್ಕೆ ‘ವಿತರಿತ ಕಡತ ವ್ಯವಸ್ಥೆ’ ಎಂದು ಹೆಸರು. ಗೂಗಲ್ ಸಂಸ್ಥೆಯ ಎಂಜಿನಿಯರುಗಳು ತಮ್ಮಲ್ಲಿನ ಇಂಥ ವ್ಯವಸ್ಥೆಯ ವಿವರಗಳನ್ನು 2003ರಲ್ಲಿ ಪ್ರಕಟಿಸಿದರು. ಅದರಿಂದ ಸ್ಫೂರ್ತಿ ಪಡೆದು ಡಗ್ ಕಟಿಂಗ್ ಮತ್ತು ಮೈಕ್ ಕ್ಯಾಫರೆಲ್ಲಾ ಎಂಬ ಅಮೆರಿಕದ ತಂತ್ರಜ್ಞರು ಆರಂಭಿಸಿದ ಕೆಲಸವೇ ಹಡೂಪ್. 2006ರಲ್ಲಿ ಆ ಹೆಸರು ಬಂತು. ಡಗ್ ಕಟಿಂಗ್ ಅವರ ಪುಟ್ಟ ಮಗ ತನ್ನ ಹಳದಿ ಬಟ್ಟೆಯ ಆನೆಗೊಂಬೆಗೆ ಇಟ್ಟಿದ್ದ ಹೆಸರು ಅದು! ಹಡೂಪ್‌ನ ಮೂಲ ಬರಹ ಯಾರು ಬೇಕಾದರೂ ಉಚಿತವಾಗಿ ಓದಬಹುದಾದದ್ದು. ಅದನ್ನು ಬೆಳೆಸಿದವರಲ್ಲಿ ಬೆಂಗಳೂರಿನಲ್ಲಿ ಕುಳಿತು ಕೆಲಸ ಮಾಡಿದ ಎಂಜಿನಿಯರುಗಳೂ ಇದ್ದಾರೆ.

ಇದು ಕೆಲಸ ಮಾಡುವ ಬಗೆಯನ್ನು ನಮ್ಮ ಮೂರು ಊರುಗಳ ಮೂಲಕವೇ ನೋಡೋಣ. ಒಂದು ಗಿಗಾಬೈಟ್ ಗಾತ್ರದ ಕಡತವನ್ನು ಹಡೂಪ್ 128 ಮೆಗಾಬೈಟಿನ ಎಂಟು ತುಂಡುಗಳನ್ನಾಗಿ ಮಾಡುತ್ತದೆ. ಪ್ರತಿ ತುಂಡಿಗೂ ಮೂರು ಪ್ರತಿ. ಒಟ್ಟು 24 ತುಂಡುಗಳು. ಗೋಕಾಕದಲ್ಲೊಂದು, ಮೂಡಲಗಿಯಲ್ಲೊಂದು, ಹುಕ್ಕೇರಿಯಲ್ಲೊಂದು ಗಣಕವಿದ್ದು, ಪ್ರತಿ ತುಂಡಿನ ಒಂದೊಂದು ಪ್ರತಿ ಒಂದೊಂದು ಊರಿನಲ್ಲಿದೆ ಎಂದು ಭಾವಿಸಿ. ಹುಕ್ಕೇರಿಯಲ್ಲಿ ವಿದ್ಯುತ್ ಹೋದರೂ ಉಳಿದೆರಡು ಊರುಗಳಲ್ಲಿ ಕಡತ ಕ್ಷೇಮ. ಯಾವ ತುಂಡು ಎಲ್ಲಿದೆ ಎಂಬ ಪಟ್ಟಿ ಇಟ್ಟುಕೊಂಡು ಎಲ್ಲರ ಮೇಲ್ವಿಚಾರಣೆ ಮಾಡುವ ಯಜಮಾನ ಗಣಕವೊಂದು ಬೇರೆ ಇರುತ್ತದೆ. ವಾಸ್ತವದಲ್ಲಿ ಈ ಗಣಕಗಳೆಲ್ಲ ಸಾಮಾನ್ಯವಾಗಿ ಒಂದೇ ಕಟ್ಟಡದ ಕಪಾಟುಗಳಲ್ಲಿರುತ್ತವೆ, ಮೂರಲ್ಲ, ನೂರಾರು ಸಾವಿರಾರು ಇರುತ್ತವೆ. ಲೆಕ್ಕದ ರೀತಿ ಮಾತ್ರ ಒಂದೇ.

ಎದೆಬಡಿತದ ಲೆಕ್ಕ

ಯಾವ ಗಣಕ ಬದುಕಿದೆ, ಯಾವುದು ಸತ್ತಿದೆ ಎಂದು ಯಜಮಾನನಿಗೆ ತಿಳಿಯುವುದು ಹೇಗೆ? ಪ್ರತಿಯೊಂದು ಗಣಕವೂ ಮೂರು ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂದು ಸುದ್ದಿ ಕಳಿಸುತ್ತದೆ. ಇದಕ್ಕೆ ಎದೆಬಡಿತ ಎಂದೇ ಹೆಸರು. ಹತ್ತೂವರೆ ನಿಮಿಷಗಳ ಕಾಲ ಎದೆಬಡಿತ ಕೇಳಿಸದಿದ್ದರೆ ಆ ಗಣಕ ಸತ್ತಿತೆಂದು ಯಜಮಾನ ತೀರ್ಮಾನಿಸುತ್ತದೆ. ಅದರಲ್ಲಿದ್ದ ತುಂಡುಗಳಿಗೆ ಬೇರೆ ಕಡೆ ಹೊಸ ಪ್ರತಿ ಮಾಡಿಸಲು ತೊಡಗುತ್ತದೆ.

ಈಗ ಯಜಮಾನನ ಒಳಗಿನ ಲೆಕ್ಕ ನೋಡಿ. ಹುಕ್ಕೇರಿಯಿಂದ ಕೊನೆಯ ಸುದ್ದಿ ಬಂದದ್ದು ಎಷ್ಟು ಗಂಟೆಗೆ? ಈಗ ಗಂಟೆ ಎಷ್ಟು? ಕಳೆದರೆ ಎಷ್ಟು ಹೊತ್ತಾಯಿತು? ಇಷ್ಟೇ. ಆದರೆ ಈ ಎರಡು ಗಳಿಗೆಗಳ ನಡುವೆ ಯಜಮಾನನ ಗಡಿಯಾರವನ್ನು ಯಾರೋ ಹನ್ನೊಂದು ನಿಮಿಷ ಮುಂದೆ ಸರಿಸಿದರು ಎಂದುಕೊಳ್ಳಿ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಒಂದು ಸೆಕೆಂಡಿನ ಹಿಂದಷ್ಟೇ ಸುದ್ದಿ ಕಳಿಸಿದ್ದರೂ ಲೆಕ್ಕದಲ್ಲಿ ಹನ್ನೊಂದು ನಿಮಿಷ ದಾಟಿಬಿಡುತ್ತದೆ. ಬದುಕಿರುವವರೆಲ್ಲ ಸತ್ತವರ ಪಟ್ಟಿಗೆ ಸೇರುತ್ತಾರೆ. ಗಡಿಯಾರವನ್ನು ಒಂದು ಗಂಟೆ ಹಿಂದೆ ಸರಿಸಿದರೋ, ಅನಾಹುತ ತಿರುವುಮುರುವು. ಅದೇ ಹೊತ್ತಿಗೆ ನಿಜವಾಗಿ ಕೆಟ್ಟುನಿಂತ ಗಣಕ ಇನ್ನೊಂದು ಗಂಟೆಯವರೆಗೆ ಬದುಕಿದೆ ಎಂದೇ ಲೆಕ್ಕವಾಗುತ್ತದೆ. ಆ ಒಂದು ಗಂಟೆಯಲ್ಲಿ ಉಳಿದ ಪ್ರತಿಗಳೂ ಕೆಟ್ಟರೆ ಕಡತ ಹೋದಂತೆಯೇ.

ಕಡತಕ್ಕೆ ಬರೆಯುವ, ಓದುವ ಕೆಲಸಗಳ ಹೊತ್ತನ್ನು ಅಳೆಯುವಾಗಲೂ ಇದೇ ತೊಂದರೆ. ಬರೆಯುವ ಕೆಲಸದ ಒಂದು ಸಣ್ಣ ಹೆಜ್ಜೆಗೆ 300 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿದರೆ ಹಡೂಪ್ ‘ನಿಧಾನವಾಯಿತು’ ಎಂದು ದಿನಚರಿಯಲ್ಲಿ ದಾಖಲಿಸುತ್ತದೆ. ಒಂದು ಸೆಕೆಂಡಿನಲ್ಲಿ ಸಾವಿರ ಮಿಲಿಸೆಕೆಂಡು. 40 ಮಿಲಿಸೆಕೆಂಡು ಹಿಡಿದ ಕೆಲಸದ ನಡುವೆ ಗಡಿಯಾರ 200 ಮಿಲಿಸೆಕೆಂಡು ಹಿಂದಕ್ಕೆ ಜಿಗಿದರೆ ಉತ್ತರ ಎಷ್ಟು? ಋಣ 160! ಕೆಲಸ ಆರಂಭವಾಗುವ ಮೊದಲೇ ಮುಗಿಯಿತು ಎಂದರ್ಥ.

ಹಡೂಪ್‌ನ ಮೂಲ ಬರಹದಲ್ಲಿ ‘ಈಗಿನ ವೇಳೆ’ ಕೊಡುವ ಪುಟ್ಟ ಭಾಗದ ತಲೆಯ ಮೇಲೆ ಒಂದು ಎಚ್ಚರಿಕೆ ಇದೆ. ಅವಧಿ ಲೆಕ್ಕ ಹಾಕಲು ಇದನ್ನು ಬಳಸಬೇಡಿ, ಯಾರಾದರೂ ಗಡಿಯಾರ ಬದಲಿಸಿದರೆ ಲೆಕ್ಕ ಕೆಡುತ್ತದೆ ಎಂಬುದು ಅದರ ಸಾರ. ಆದರೂ ಎಷ್ಟೋ ಕಡೆ ಅದೇ ಬಳಕೆಯಲ್ಲಿ ಉಳಿದಿತ್ತು. 2015ರಲ್ಲಿ ಇಂಥ ಹಲವಾರು ಜಾಗಗಳನ್ನು ಹುಡುಕಿ ತಿದ್ದಲಾಯಿತು. ತಿದ್ದಿದ ರೀತಿ ಸ್ವಾರಸ್ಯಕರವಾಗಿದೆ. ಪ್ರತಿ ಗಣಕದ ಕೊನೆಯ ಎದೆಬಡಿತವನ್ನು ಈಗ ಎರಡು ವೇಳೆಗಳಲ್ಲಿ ಬರೆದಿಡುತ್ತಾರೆ. ಒಂದು ಮನುಷ್ಯರು ಓದಲು. ಇನ್ನೊಂದು ಲೆಕ್ಕ ಹಾಕಲು.

ಗಡಿಯಾರ ಏಕೆ ಅಲುಗುತ್ತದೆ?

ಗಣಕದ ಗಡಿಯಾರವನ್ನು ಯಾರು ಏಕೆ ಸರಿಸಬೇಕು ಎಂಬ ಸಂದೇಹ ಸಹಜ. ಉತ್ತರ ಸರಳ. ಗಣಕದೊಳಗಿನ ಗಡಿಯಾರವೂ ಕೈಗಡಿಯಾರದಂತೆ ಸ್ಫಟಿಕದ ಕಂಪನವನ್ನು ಎಣಿಸಿ ನಡೆಯುವಂಥದು. ಕೈಗಡಿಯಾರದ ಸ್ಫಟಿಕ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಬಿಸಿಲು, ಚಳಿ, ವಯಸ್ಸು ಇವುಗಳಿಂದ ಕಂಪನ ಕೊಂಚ ಏರುಪೇರಾಗುತ್ತದೆ. ಹತ್ತು ಲಕ್ಷ ಕಂಪನಕ್ಕೆ ಇಪ್ಪತ್ತು ತಪ್ಪಿದರೂ ಸಾಕು, ದಿನಕ್ಕೆ 1.7 ಸೆಕೆಂಡು, ತಿಂಗಳಿಗೆ ಮುಕ್ಕಾಲು ನಿಮಿಷಕ್ಕೂ ಹೆಚ್ಚು ತಪ್ಪುತ್ತದೆ.

ಇದನ್ನು ಸರಿಪಡಿಸಲು ಗಣಕಗಳು ಆಗಾಗ ಜಾಲದ ಮೂಲಕ ಒಳ್ಳೆಯ ಗಡಿಯಾರವನ್ನು ಕೇಳಿ ತಮ್ಮದನ್ನು ತಿದ್ದಿಕೊಳ್ಳುತ್ತವೆ. ಅಮೆರಿಕದ ಡೇವಿಡ್ ಮಿಲ್ಸ್ 1985ರ ಸುಮಾರಿಗೆ ರೂಪಿಸಿದ ಎನ್‌ಟಿಪಿ ಎಂಬ ಕ್ರಮ ಇಂದಿಗೂ ಈ ಕೆಲಸ ಮಾಡುತ್ತಿದೆ. ಭಾರತದ ಅಧಿಕೃತ ವೇಳೆಯನ್ನು ಕಾಯುವ ಹೊಣೆ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ್ದು. ತಪ್ಪು ಸಣ್ಣದಿದ್ದರೆ ಎನ್‌ಟಿಪಿ ಗಡಿಯಾರದ ನಡಿಗೆಯನ್ನು ತುಸು ಚುರುಕುಗೊಳಿಸಿ ಅಥವಾ ನಿಧಾನಿಸಿ ಮೆಲ್ಲಗೆ ಸರಿಮಾಡುತ್ತದೆ. ತಪ್ಪು 128 ಮಿಲಿಸೆಕೆಂಡಿಗಿಂತ ದೊಡ್ಡದಾಗಿದ್ದು ಹಾಗೇ ಉಳಿದರೆ ಒಮ್ಮೆಲೇ ಜಿಗಿಸುತ್ತದೆ. ಆ ಜಿಗಿತವೇ ಅಳತೆಗೆ ಶತ್ರು.

ಮುಳ್ಳು ಜಿಗಿಸುವುದು ಮನುಷ್ಯರಿಗೂ ಹೊಸದಲ್ಲ. ಭಾರತೀಯ ವೇಳೆ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಗೋಕಾಕ ಇರುವುದು ಸುಮಾರು 74.8 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಆದ್ದರಿಂದ ಗೋಕಾಕದ ಸೂರ್ಯ ನಮ್ಮ ಗಡಿಯಾರಕ್ಕಿಂತ ಸುಮಾರು ಅರ್ಧ ಗಂಟೆ ಹಿಂದೆ ನಡೆಯುತ್ತಾನೆ. ಮೂಡಲಗಿಯಲ್ಲಿ ಸೂರ್ಯ ನೆತ್ತಿಗೇರಿ ಒಂದು ನಿಮಿಷಕ್ಕೂ ಹೆಚ್ಚು ಹೊತ್ತಾದ ಮೇಲೆ ಹುಕ್ಕೇರಿಯಲ್ಲಿ ನೆತ್ತಿಗೇರುತ್ತಾನೆ! ಊರೂರಿಗೆ ಒಂದೊಂದು ವೇಳೆಯಾದರೆ ರೈಲು, ತಂತಿ ನಡೆಯುವುದು ಹೇಗೆಂದು 1906ರ ಜನವರಿ 1ರಿಂದ ಇಡೀ ದೇಶಕ್ಕೆ ಒಂದೇ ವೇಳೆ ತಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ, ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಿಟ್ಟಿದ್ದರು. ಯುದ್ಧ ಮುಗಿದ ಮೇಲೆ ಹಿಂದಕ್ಕೆ ತಿರುಗಿಸಿದರು. ಹಾಗೆ ತಿರುಗಿಸಿದ ರಾತ್ರಿ ಗಿರಣಿಯಲ್ಲಿ ಪಾಳಿ ಮಾಡಿದ ಕೆಲಸಗಾರನೊಬ್ಬನನ್ನು ಊಹಿಸಿಕೊಳ್ಳಿ. ಬೆವರು ಸುರಿಸಿದ್ದು ಎಂಟು ಗಂಟೆ. ಗಡಿಯಾರ ನೋಡಿ ಕಳೆದರೆ ಏಳೇ ಗಂಟೆ. ಗುಮಾಸ್ತ ಆ ಲೆಕ್ಕದಂತೆ ಪಗಾರ ಕೊಟ್ಟರೆ ಒಂದು ಗಂಟೆಯ ದುಡಿಮೆ ಮಣ್ಣುಪಾಲು.

ಐದೂವರೆಯ ಹೆಚ್ಚುವರಿ ಸೆಕೆಂಡು

ಇವೆಲ್ಲ ಸಾಲದೆಂಬಂತೆ ‘ಅಧಿಕ ಸೆಕೆಂಡು’ ಒಂದಿದೆ. ಪಂಚಾಂಗದಲ್ಲಿ ಅಧಿಕ ಮಾಸ ಬರುವುದು ಗೊತ್ತಲ್ಲ, ಇದು ಅದರ ಪುಟಾಣಿ ತಮ್ಮ. ಭೂಮಿ ತನ್ನ ಸುತ್ತ ತಿರುಗುವ ವೇಗ ಪರಮಾಣು ಗಡಿಯಾರದಷ್ಟು ನಿಯತವಲ್ಲ. ಎರಡನ್ನೂ ಹೊಂದಿಸಲು 1972ರಿಂದ 2016ರವರೆಗೆ ಒಟ್ಟು 27 ಬಾರಿ ಜಗತ್ತಿನ ಗಡಿಯಾರಕ್ಕೆ ಒಂದೊಂದು ಸೆಕೆಂಡು ಸೇರಿಸಿದರು. ಗ್ರೀನಿಚ್‌ನ ನಡುರಾತ್ರಿಗೆ ಸೇರುವ ಆ ಸೆಕೆಂಡು ನಮಗೆ ಬರುವುದು ಬೆಳಗಿನ ಐದೂವರೆಗೆ.

2012ರ ಜುಲೈ 1ರ ಬೆಳಗಿನ ಐದೂವರೆಗೆ ಬಂದ ಅಧಿಕ ಸೆಕೆಂಡು ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯೊಳಗಿನ ಒಂದು ದೋಷವನ್ನು ಕೆರಳಿಸಿತು. ಜಗತ್ತಿನ ಹಲವೆಡೆ ಗಣಕಗಳು ಕೆಲಸವಿಲ್ಲದೆ ಬಿಸಿಯೇರಿ ಓಡತೊಡಗಿದವು. ರೆಡ್ಡಿಟ್ ಜಾಲತಾಣ ಕೆಲಹೊತ್ತು ನಿಂತಿತು. ಆಸ್ಟ್ರೇಲಿಯಾದಲ್ಲಿ ಕ್ವಾಂಟಾಸ್ ವಿಮಾನಗಳ ಪ್ರಯಾಣಿಕರು ಸಾಲುಗಟ್ಟಿ ಕಾಯಬೇಕಾಯಿತು. ಮೊಝಿಲ್ಲಾ ಸಂಸ್ಥೆಯ ಹಡೂಪ್ ಗಣಕಗಳೂ ಏದುಸಿರು ಬಿಟ್ಟವು. ಪರಿಹಾರ ಮಾತ್ರ ಮೋಜಿನದು: ಗಡಿಯಾರಕ್ಕೆ ಅದೇ ವೇಳೆಯನ್ನು ಮತ್ತೊಮ್ಮೆ ಹೊಂದಿಸಿದರೆ ಗಣಕ ಸರಿಹೋಗುತ್ತಿತ್ತು.

2017ರ ಜನವರಿ 1ರ ಬೆಳಗಿನ ಐದೂವರೆಯ ಪ್ರಕರಣ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಕ್ಲೌಡ್‌ಫ್ಲೇರ್ ಎಂಬ ಸಂಸ್ಥೆ ಲಕ್ಷಾಂತರ ಜಾಲತಾಣಗಳಿಗೆ ವಿಳಾಸ ಹೇಳುವ ಸೇವೆ ನೀಡುತ್ತದೆ. ಅದರ ತಂತ್ರಾಂಶ ಬೇರೆ ಗಣಕಗಳಿಂದ ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ಗೋಡೆ ಗಡಿಯಾರ ನೋಡಿ ಕಳೆಯುತ್ತಿತ್ತು. ಅಧಿಕ ಸೆಕೆಂಡು ಬಂದಾಗ ಗಡಿಯಾರ ಹಿಂದೆ ಹೋದಂತಾಗಿ ಉತ್ತರ ಋಣಸಂಖ್ಯೆಯಾಯಿತು. ಹೊತ್ತು ಎಂದಿಗೂ ಋಣವಾಗದು ಎಂದು ನಂಬಿ ಬರೆದಿದ್ದ ತಂತ್ರಾಂಶ ಅಲ್ಲೇ ಕುಸಿಯಿತು. ತೊಂದರೆಗೆ ಸಿಕ್ಕಿದ್ದು ವಿಳಾಸದ ಪ್ರಶ್ನೆಗಳಲ್ಲಿ ಹೆಚ್ಚೆಂದರೆ ಶೇಕಡಾ 0.2. ಆದರೂ ಹೊಸ ವರ್ಷದ ದಿನ ಎಂಜಿನಿಯರುಗಳು ನಿದ್ದೆಗೆಟ್ಟು ತಿದ್ದಬೇಕಾಯಿತು. ಆ ತಂತ್ರಾಂಶ ಬರೆದಿದ್ದ ‘ಗೋ’ ಭಾಷೆಯನ್ನೇ ಅದೇ ವರ್ಷದ ಆಗಸ್ಟ್‌ನಲ್ಲಿ ಬದಲಿಸಿ, ಕಳೆಯುವ ಲೆಕ್ಕಕ್ಕೆ ತಾನಾಗಿಯೇ ಸರಿಯಾದ ಗಡಿಯಾರ ಬಳಸುವಂತೆ ಮಾಡಿದರು. 2035ರೊಳಗೆ ಅಧಿಕ ಸೆಕೆಂಡಿನ ಈಗಿನ ಪದ್ಧತಿಗೆ ಮುಕ್ತಾಯ ಹಾಡಬೇಕೆಂದು 2022ರ ನವೆಂಬರ್‌ನಲ್ಲಿ ತೂಕ-ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ ನಿರ್ಣಯಿಸಿದೆ.

ಗಳಿಗೆ ಬಟ್ಟಲಿನ ಜಾಣ್ಮೆ

ಹಾಗಾದರೆ ಸರಿಯಾದ ಗಡಿಯಾರ ಯಾವುದು? ನಮ್ಮ ಹಿರಿಯರ ಗಳಿಗೆ ಬಟ್ಟಲನ್ನು ನೆನೆಯಿರಿ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಡುತ್ತಿದ್ದರು. ನೀರು ತುಂಬಿ ಅದು ಮುಳುಗಿದರೆ ಒಂದು ಗಳಿಗೆ, ಅಂದರೆ ಇಪ್ಪತ್ತನಾಲ್ಕು ನಿಮಿಷ. ಈಗ ವೇಳೆ ಎಷ್ಟು ಎಂಬುದು ಆ ಬಟ್ಟಲಿಗೆ ತಿಳಿಯದು. ಸೂರ್ಯೋದಯವಾಗಿ ಎಷ್ಟು ಗಳಿಗೆ ಕಳೆಯಿತು ಎಂಬುದನ್ನು ಮಾತ್ರ ಅದು ಹೇಳಬಲ್ಲದು. ಅದು ಹಿಂದಕ್ಕೆ ಹೋಗುವುದಿಲ್ಲ. ಸರ್ಕಾರದ ಆಜ್ಞೆಗೆ ಬಗ್ಗುವುದಿಲ್ಲ.

ಪ್ರತಿ ಗಣಕದಲ್ಲೂ ಇಂಥದೊಂದು ಬಟ್ಟಲಿದೆ. ಇಂಗ್ಲಿಷಿನಲ್ಲಿ ಮೊನೊಟೊನಿಕ್ ಗಡಿಯಾರ ಎನ್ನುತ್ತಾರೆ. ನಾವು ಏಕಮುಖ ಗಡಿಯಾರ ಎನ್ನೋಣ. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ ಯಂತ್ರ ಚಾಲೂ ಆದ ಗಳಿಗೆಯಿಂದ ಎಣಿಸುತ್ತ ಹೋಗುತ್ತದೆ. ಗೋಡೆ ಗಡಿಯಾರವನ್ನು ಯಾರು ಎಷ್ಟು ಬಾರಿ ತಿರುಗಿಸಿದರೂ ಇದು ಜಿಗಿಯುವುದಿಲ್ಲ. ಹಡೂಪ್ ಬರೆದಿರುವ ಜಾವಾ ಭಾಷೆಯಲ್ಲಿ ‘ನ್ಯಾನೊಟೈಮ್’ ಎಂಬ ಸೌಲಭ್ಯ 2004ರಿಂದ ಇದೆ. ಪೈಥಾನ್ ಭಾಷೆಯಲ್ಲಿ ‘ಮೊನೊಟೊನಿಕ್’ ಎಂಬ ಹೆಸರಿನಲ್ಲೇ 2012ರಿಂದ ಇದೆ.

ಇದಕ್ಕೂ ಮಿತಿಗಳುಂಟು. ಇದರ ಅಂಕಿಯನ್ನು ಓದಿ ಇಂದು ಯಾವ ತಾರೀಖು ಎಂದು ಹೇಳಲಾಗದು. ಯಂತ್ರ ಆರಿಸಿ ಮತ್ತೆ ಹಚ್ಚಿದರೆ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಗೋಕಾಕದ ಬಟ್ಟಲಿಗೂ ಹುಕ್ಕೇರಿಯ ಬಟ್ಟಲಿಗೂ ಸಂಬಂಧವಿಲ್ಲ. ಒಂದರ ಅಂಕಿಯನ್ನು ಇನ್ನೊಂದರಿಂದ ಕಳೆದರೆ ಬರುವ ಉತ್ತರಕ್ಕೆ ಅರ್ಥವಿಲ್ಲ. ಆದ್ದರಿಂದ ಎರಡು ಗಣಕಗಳ ನಡುವಿನ ಕೆಲಸವನ್ನು ಅಳೆಯುವವರು ಒಂದು ಉಪಾಯ ಮಾಡುತ್ತಾರೆ. ಹೋಗಿಬರುವ ಹೊತ್ತನ್ನು ಒಂದೇ ಕಡೆ, ಒಂದೇ ಗಡಿಯಾರದಲ್ಲಿ ಅಳೆಯುತ್ತಾರೆ. ಹಿಡಕಲ್‌ನವರು ಬಾಗಿಲು ತೆರೆದ ಕೂಡಲೇ ಫೋನು ಮಾಡಿ, ಗೋಕಾಕದವರು ಆ ಗಳಿಗೆಯಿಂದಲೇ ತಮ್ಮ ಸ್ಟಾಪ್‌ವಾಚ್ ಒತ್ತಿ ಹೊಳೆ ಏರುವವರೆಗೆ ಕಾದರೆ, ಎರಡೂ ಊರಿನ ಗೋಡೆ ಗಡಿಯಾರ ಕೆಟ್ಟಿದ್ದರೂ ಉತ್ತರ ಸರಿಯಾಗಿಯೇ ಬರುತ್ತದೆ.

ಅಳೆಯುವುದೂ ಒಂದು ವಿದ್ಯೆ

ಸರಿಯಾದ ಗಡಿಯಾರ ಸಿಕ್ಕಮಾತ್ರಕ್ಕೆ ಅಳತೆ ಸರಿಯಾಗುವುದಿಲ್ಲ. ಯಾವುದರಿಂದ ಯಾವುದರವರೆಗೆ ಎಂಬುದು ಸ್ಪಷ್ಟವಿರಬೇಕು. ಕಬ್ಬಿನ ಗಾಡಿ ಸಕ್ಕರೆ ಕಾರ್ಖಾನೆಯ ಬಾಗಿಲಲ್ಲಿ ಸಾಲಿಗೆ ನಿಂತಾಗಿನಿಂದ ಎಣಿಸಬೇಕೋ, ತೂಕದ ಕಟ್ಟೆ ಏರಿದಾಗಿನಿಂದಲೋ? ತೂಕಕ್ಕೆ ಐದೇ ನಿಮಿಷ ಹಿಡಿದಿರಬಹುದು. ಸಾಲಿನಲ್ಲಿ ರಾತ್ರಿಯೆಲ್ಲ ಕಾದ ರೈತನಿಗೆ ಆ ಐದು ನಿಮಿಷದ ಲೆಕ್ಕದಿಂದ ಸಮಾಧಾನವಿಲ್ಲ. ಕಡತ ಬರೆಯುವ ಕೆಲಸವೂ ಹಾಗೆಯೇ. ಸರದಿಗಾಗಿ ಕಾದದ್ದೆಷ್ಟು, ಜಾಲದಲ್ಲಿ ಕಳೆದದ್ದೆಷ್ಟು, ತಟ್ಟೆಯ ಮೇಲೆ ಬರೆದದ್ದೆಷ್ಟು ಎಂದು ಬೇರೆ ಬೇರೆ ಅಳೆದರೆ ಮಾತ್ರ ತೊಡಕು ಎಲ್ಲಿದೆ ಎಂದು ತಿಳಿಯುತ್ತದೆ.

ಸರಾಸರಿಯನ್ನೂ ಕಣ್ಣುಮುಚ್ಚಿ ನಂಬಬಾರದು. ಹತ್ತು ಬಾರಿ ಕಡತ ಓದಿದಾಗ ಒಂಬತ್ತು ಬಾರಿ ನಾಲ್ಕು ನಾಲ್ಕು ಮಿಲಿಸೆಕೆಂಡು, ಒಂದು ಬಾರಿ 900 ಮಿಲಿಸೆಕೆಂಡು ಹಿಡಿಯಿತು ಎನ್ನಿ. ಸರಾಸರಿ 93.6. ಈ 93.6ನ್ನು ಅನುಭವಿಸಿದವರು ಒಬ್ಬರೂ ಇಲ್ಲ! ಒಂಬತ್ತು ಮಂದಿಗೆ ಕೆಲಸ ಚಿಟಿಕೆ ಹೊಡೆಯುವುದರೊಳಗೆ ಆಯಿತು, ಹತ್ತನೆಯವನು ಬೇಸತ್ತ. ಆದಕಾರಣ ನುರಿತವರು ಎಲ್ಲ ಅಳತೆಗಳನ್ನೂ ಏರಿಕೆಯ ಸಾಲಿನಲ್ಲಿಟ್ಟು ನಡುವಿನದನ್ನೂ ಕೊನೆಯದನ್ನೂ ನೋಡುತ್ತಾರೆ.

ಸಾಧ್ಯಾಸಾಧ್ಯದ ಅರಿವೂ ಬೇಕು. ಗಾಜಿನ ತಂತಿಯಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಓಡುತ್ತದೆ. ಗೋಕಾಕದಿಂದ ಬೆಂಗಳೂರಿಗೆ ಸುದ್ದಿ ಹೋಗಿಬರಲು ಸುಮಾರು ಐದು ಮಿಲಿಸೆಕೆಂಡಾದರೂ ಬೇಕೇ ಬೇಕು. ಯಾರಾದರೂ ಒಂದೇ ಮಿಲಿಸೆಕೆಂಡಿನಲ್ಲಿ ಬೆಂಗಳೂರಿನಿಂದ ಉತ್ತರ ಬಂತೆಂದರೆ, ಉತ್ತರ ಹತ್ತಿರದಲ್ಲೇ ಎಲ್ಲೋ ಕೂಡಿಟ್ಟ ಪ್ರತಿಯಿಂದ ಬಂದಿದೆ, ಇಲ್ಲವೇ ಗಡಿಯಾರ ತಪ್ಪಿದೆ.

ಉತಾರಕ್ಕೆ ಬೇಕಾದದ್ದು ಯಾವ ವೇಳೆ?

ಇಷ್ಟು ಓದಿದ ಮೇಲೆ ಗೋಡೆ ಗಡಿಯಾರ ಕೆಲಸಕ್ಕೆ ಬಾರದ್ದು ಎಂದು ಯಾರೂ ತಿಳಿಯಬಾರದು. ನಮ್ಮ ಭಾಗದ ರೈತರು ಉತಾರ ಎಂದು ಕರೆಯುವ ಪಹಣಿ ಪತ್ರಿಕೆಯನ್ನೇ ನೋಡಿ. ತಲಾಠಿಗಳ ಕೈಬರಹದಲ್ಲಿದ್ದ ಈ ದಾಖಲೆಗಳನ್ನು ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಲ್ಲಿ ಗಣಕಕ್ಕೆ ಏರಿಸಿತು. 2002ರ ಹೊತ್ತಿಗೆ ರಾಜ್ಯದ ಆಗಿನ 177 ತಾಲೂಕು ಕೇಂದ್ರಗಳಲ್ಲಿ ಗಣಕದಿಂದ ಉತಾರ ಸಿಗತೊಡಗಿತು. ಸುಮಾರು 67 ಲಕ್ಷ ಭೂಮಾಲೀಕರ ಎರಡು ಕೋಟಿ ದಾಖಲೆಗಳು. ಗೋಕಾಕ, ಹುಕ್ಕೇರಿ ಆಗಲೇ ತಾಲೂಕುಗಳು. ಮೂಡಲಗಿ ಗೋಕಾಕದಿಂದ ಬೇರ್ಪಟ್ಟು ತಾಲೂಕಾದದ್ದು ಆಮೇಲೆ. ಮೊದಲು ತಾಲೂಕು ಕಚೇರಿಯ ಗಣಕಗಳಲ್ಲೇ ಇದ್ದ ದಾಖಲೆಗಳನ್ನು ನಂತರ ರಾಜ್ಯ ದತ್ತಾಂಶ ಕೇಂದ್ರಕ್ಕೆ ಒಯ್ದರು.

ಹೊಲದ ಹಕ್ಕು ಬದಲಾವಣೆಗೆ ಬಂದ ಅರ್ಜಿಗಳನ್ನು ಮೊದಲು ಬಂದದ್ದಕ್ಕೆ ಮೊದಲ ಸರದಿ ಎಂಬ ನಿಯಮದಲ್ಲೇ ವಿಲೇವಾರಿ ಮಾಡಬೇಕೆಂದು ಭೂಮಿ ತಂತ್ರಾಂಶ ಕಟ್ಟುನಿಟ್ಟು ಮಾಡಿತ್ತು. ಆಕ್ಷೇಪಣೆಗೆ ಆಗ ಮೂವತ್ತು ದಿನಗಳ ನೋಟಿಸು ಇತ್ತು. ಇಂಥಲ್ಲಿ ತಾರೀಖೇ ಪ್ರಾಣ. ಯಂತ್ರ ಚಾಲೂ ಆಗಿ ಎಷ್ಟು ಸೆಕೆಂಡಾಯಿತು ಎಂಬ ಅಂಕಿ ನ್ಯಾಯಾಲಯಕ್ಕೆ ಬೇಕಿಲ್ಲ; ಯಾವ ದಿನ, ಎಷ್ಟು ಗಂಟೆಗೆ ಎಂಬುದು ಬೇಕು. ಯಾರು ಮೊದಲು ಎಂಬ ಪ್ರಶ್ನೆಗಾದರೆ ಸರದಿಯ ನಂಬರು ಗಡಿಯಾರಕ್ಕಿಂತ ಗಟ್ಟಿ. ಬೇರೆ ಬೇರೆ ಗಣಕಗಳ ಘಟನೆಗಳನ್ನು ಗಡಿಯಾರದ ಹಂಗಿಲ್ಲದೆ ಹೀಗೆ ಅಂಕೆ ಕೊಟ್ಟು ಸರದಿಗೆ ಹಚ್ಚಬಹುದೆಂದು ಅಮೆರಿಕದ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ತೋರಿಸಿಕೊಟ್ಟರು.

ಹೀಗೆ ಪ್ರಶ್ನೆಗೆ ತಕ್ಕ ಸಾಧನ ಆರಿಸಿಕೊಳ್ಳಬೇಕು. ‘ಯಾವಾಗ?’ ಎಂದರೆ ಗೋಡೆ ಗಡಿಯಾರ. ‘ಎಷ್ಟು ಹೊತ್ತು?’ ಎಂದರೆ ಏಕಮುಖ ಗಡಿಯಾರ. ‘ಯಾರು ಮೊದಲು?’ ಎಂದರೆ ಸರದಿಯ ಅಂಕೆ.

ವಿದ್ಯಾರ್ಥಿಗಳಿಗೊಂದು ಪ್ರಯೋಗ

ಇದನ್ನು ಕಣ್ಣಾರೆ ನೋಡಲು ದುಬಾರಿ ಯಂತ್ರ ಬೇಡ. ಶಾಲೆ ಕಾಲೇಜಿನ ಹಳೆಯ ಗಣಕವೂ, ಉಚಿತವಾಗಿ ಸಿಗುವ ಪೈಥಾನ್ ಭಾಷೆಯೂ ಸಾಕು. ‘ಟೈಮ್’ ಮತ್ತು ‘ಮೊನೊಟೊನಿಕ್’ ಎಂಬ ಎರಡೂ ಗಡಿಯಾರಗಳ ಅಂಕಿಗಳನ್ನು ಓದಿ ಇಟ್ಟುಕೊಂಡು ಎರಡು ನಿಮಿಷ ಕಾಯುವಂತೆ ಆರೇಳು ಸಾಲು ಬರೆಯಿರಿ. ಕಾಯುತ್ತಿರುವಾಗ ಗುರುಗಳ ಅಪ್ಪಣೆ ಪಡೆದು ಗಣಕದ ಗಡಿಯಾರವನ್ನು ಒಂದು ಗಂಟೆ ಹಿಂದಿಡಿ. ಕೊನೆಯಲ್ಲಿ ಎರಡನ್ನೂ ಕಳೆದು ನೋಡಿ. ಒಂದು ಗಡಿಯಾರ ‘ಋಣ 58 ನಿಮಿಷ’ ಎನ್ನುತ್ತದೆ. ಇನ್ನೊಂದು ‘ಎರಡು ನಿಮಿಷ’ ಎನ್ನುತ್ತದೆ. ಪ್ರಯೋಗ ಮುಗಿದ ಮೇಲೆ ಗಡಿಯಾರವನ್ನು ಮೊದಲಿನಂತೆ ಸರಿಪಡಿಸಲು ಮರೆಯಬೇಡಿ.

ತಂದೆತಾಯಿಯರಿಗೂ ಒಂದು ಮಾತು. ಕಂಪ್ಯೂಟರ್ ವಿದ್ಯೆಯೆಂದರೆ ಹೊಸ ಹೊಸ ಭಾಷೆಗಳ ಹೆಸರು ಕಲಿಯುವುದು ಎಂಬ ಭಾವನೆ ಊರೂರಿನಲ್ಲಿದೆ. ಭಾಷೆಗಳು ಬರುತ್ತವೆ, ಹೋಗುತ್ತವೆ. ಅಳೆಯುವ ಮುನ್ನ ‘ಏನನ್ನು ಅಳೆಯುತ್ತಿದ್ದೇನೆ, ಯಾವ ಕೋಲಿನಿಂದ?’ ಎಂದು ಕೇಳಿಕೊಳ್ಳುವ ಅಭ್ಯಾಸ ಮಾತ್ರ ಉಳಿಯುತ್ತದೆ. ಅದು ಗಣಿತದ ತರಗತಿಯಲ್ಲೂ ಬರಬಹುದು, ಭೌತಶಾಸ್ತ್ರದ ಪ್ರಯೋಗಾಲಯದಲ್ಲೂ ಬರಬಹುದು, ಹೊಲಕ್ಕೆ ಕಾಲುವೆ ನೀರು ತಿರುಗಿಸಿ ತನ್ನ ಪಾಳಿ ಎಷ್ಟು ಹೊತ್ತೆಂದು ಎಣಿಸುವ ತಂದೆಯ ಪಕ್ಕದಲ್ಲಿ ನಿಂತಾಗಲೂ ಬರಬಹುದು. ಹಡೂಪ್‌ನಂಥ ದೊಡ್ಡ ತಂತ್ರಾಂಶದ ಮೂಲ ಬರಹ ಮೂಡಲಗಿಯ ವಿದ್ಯಾರ್ಥಿಗೂ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗೂ ಸಮಾನವಾಗಿ ತೆರೆದಿದೆ. ಅದನ್ನು ತೆರೆದು, ಇಬ್ಬರು ಹಿರಿಯ ಎಂಜಿನಿಯರುಗಳ ಕಣ್ಣಿಗೆ ಬೀಳದ ಒಂದು ಕಳೆಯುವ ಲೆಕ್ಕವನ್ನು ಹುಡುಕಿ ತಿದ್ದುವ ಹುಡುಗಿ ಹುಕ್ಕೇರಿಯವಳೂ ಆಗಿರಬಹುದು.